ಗಣಕಯಂತ್ರದ ಬೀಗದ ಕೈ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಗೋದಾಮಿನ ಬೀಗದ ಕೈ ರೈಟರ ವಶದಲ್ಲಿರುವುದುಂಟು. ಗೋದಾಮು ಅವರ ಸ್ವತ್ತಲ್ಲ. ಎಷ್ಟು ಮೂಟೆ ಯಾವ ದಿನ ಹೊರಗೆ ಹೋಯಿತೆಂಬುದಕ್ಕೆ ಅವರು ಲೆಕ್ಕವಿಡಬೇಕು. ಶಾಲೆಯ ಗಣಕಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸುವಾಗ ಎದುರಾಗುವ ಒಂದು ಮುಖ್ಯ ಪ್ರಶ್ನೆಯೂ ಇಂಥ ಬೀಗದ ಕೈಯನ್ನು ಕುರಿತದ್ದೇ ಆಗಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್‌ನ ಪದ್ಧತಿಯನ್ನನುಸರಿಸಿ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್‌ನ ತಿರುಳನ್ನು ರಚಿಸಿದರು. ಇದು ಬೆಲೆಯಿಲ್ಲದೆ ದೊರೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಅಂತೆಯೇ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ, ಇದು ಬಳಕೆಯಲ್ಲಿದೆ. ಇದರಲ್ಲಿ ಸರ್ವಾಧಿಕಾರವುಳ್ಳ ಖಾತೆಗೆ ‘ರೂಟ್’, ಅರ್ಥಾತ್ ಬೇರು, ಎಂದು ಹೆಸರು. ಆ ಖಾತೆಯಿಂದ ಹೊರಟ ಒಂದೇ ತಪ್ಪು ಆಜ್ಞೆಯು ಇಡೀ ವ್ಯವಸ್ಥೆಯನ್ನು ಅಳಿಸಿಬಿಡಬಲ್ಲದು.

ಲಿನಕ್ಸ್‌ನ ಒಂದು ಪ್ರಕಾರವಾದ ಡೆಬಿಯನ್ನನ್ನು ಅಳವಡಿಸುವಾಗ ರೂಟ್‌ಗೆ ಗುಪ್ತಪದವನ್ನು ಕೇಳಲಾಗುತ್ತದೆ. ಇಲ್ಲಿ ಎರಡು ಮಾರ್ಗಗಳುಂಟು. ಗುಪ್ತಪದವನ್ನು ಕೊಟ್ಟರೆ ರೂಟ್ ಪ್ರತ್ಯೇಕ ಖಾತೆಯಾಗಿ ನಿಲ್ಲುತ್ತದೆ. ಅನಂತರ ಹೆಸರಿಸುವ ಸಾಮಾನ್ಯ ಬಳಕೆದಾರರಿಗೆ ಆ ಅಧಿಕಾರ ಬರುವುದಿಲ್ಲ. ಸ್ಥಳವನ್ನು ಖಾಲಿ ಬಿಟ್ಟರೆ ರೂಟ್ ಖಾತೆಗೆ ನೇರ ಪ್ರವೇಶ ಮುಚ್ಚಿಹೋಗಿ, ಮೊದಲ ಬಳಕೆದಾರರಿಗೆ ‘ಸುಡೊ’ ಎಂಬ ಸಾಧನದ ಮೂಲಕ ಆ ಅಧಿಕಾರ ಲಭಿಸುತ್ತದೆ. 2004ರಲ್ಲಿ ಹೊರಬಂದ ಉಬುಂಟು ಮೊದಲಿನಿಂದಲೂ ಈ ಎರಡನೆಯ ಮಾರ್ಗವನ್ನೇ ಹಿಡಿದಿದೆ.

ಶಾಲೆಗೆ ಎರಡನೆಯದೇ ಲೇಸು. ಒಂದೇ ಗುಪ್ತಪದವನ್ನು ನಾಲ್ವರು ಬಲ್ಲವರಾದರೆ ಕೆಲಸ ಯಾರದೆಂದು ತಿಳಿಯದು. ಸುಡೊ ಪದ್ಧತಿಯಲ್ಲಾದರೋ ಪ್ರತಿಯೊಬ್ಬರೂ ತಮ್ಮ ತಮ್ಮ ಗುಪ್ತಪದವನ್ನೇ ಕೊಡುತ್ತಾರೆ; ಯಾರು, ಯಾವಾಗ, ಯಾವ ಆಜ್ಞೆಯನ್ನಿತ್ತರೆಂಬುದು ಯಂತ್ರದಲ್ಲಿಯೇ ದಾಖಲಾಗುತ್ತದೆ. ಅಧ್ಯಾಪಕರೊಬ್ಬರು ವರ್ಗವಾಗಿ ಹೋದರೆ ಅವರ ಹೆಸರನ್ನು ಮಾತ್ರ ತೆಗೆದರಾಯಿತು. ವಿದ್ಯಾರ್ಥಿಗಳ ಖಾತೆಗೆ ಈ ಅಧಿಕಾರ ಸಲ್ಲದು.

ಆದರೆ ಅಧಿಕಾರವು ಒಬ್ಬರಲ್ಲಿಯೇ ಉಳಿಯುವುದೂ ಅಪಾಯಕರ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದ ಈ ಗುಡ್ಡಗಾಡಿನಲ್ಲಿ ಯಂತ್ರ ಕೆಟ್ಟಾಗ ಹಾಸನದಿಂದ ತಜ್ಞರು ಬರುವವರೆಗೂ ಕಾಯುವಂತಾಗಬಾರದು. ಆದ್ದರಿಂದ ಇಬ್ಬರು ಅಧ್ಯಾಪಕರಿಗೆ ಅಧಿಕಾರವಿರಲಿ. ಗುಪ್ತಪದವೊಂದು ಮುದ್ರೆಯೊತ್ತಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಲಿ. ಮರೆತ ಗುಪ್ತಪದವನ್ನು, ಯಂತ್ರದ ಮುಂದೆ ಕುಳಿತು ದುರಸ್ತಿ ಕ್ರಮದಿಂದ ಸಾಮಾನ್ಯವಾಗಿ ಬದಲಾಯಿಸಬಹುದು. ಆ ಕ್ರಮವನ್ನು ಅನ್ಯರೂ ಬಳಸಬಲ್ಲರಾದ್ದರಿಂದ ಕೊಠಡಿಯ ಬಾಗಿಲಿಗೂ ಬೀಗವಿರಬೇಕು. ಡಿಸ್ಕನ್ನೇ ಗೂಢಲಿಪಿಯಲ್ಲಿ ಭದ್ರಪಡಿಸಿದ್ದು, ಅದರ ಗುಪ್ತಪದ ಕಳೆದುಹೋದರೆ ಮಾತ್ರ ಅದರೊಳಗಿನ ಅಂಕಪಟ್ಟಿಗಳು ಮರಳಿ ದೊರೆಯವು.

ಬಸವಣ್ಣನವರು ಭಂಡಾರಿಗಳಾಗಿದ್ದರೆಂಬುದನ್ನು ಬಲ್ಲ ಶಾಲೆಗೆ, ಭಂಡಾರದ ಒಡೆತನ ಬೇರೆ, ಹೊಣೆ ಬೇರೆ ಎಂದು ಹೇಳಬೇಕಾದುದಿಲ್ಲ. ನಿವೃತ್ತರಾಗುವ ಅಧ್ಯಾಪಕರು ದಾಸ್ತಾನು ಪುಸ್ತಕವನ್ನೂ ಕೀಲಿಗಳನ್ನೂ ಒಪ್ಪಿಸುವ ದಿನವೇ ಈ ಅಧಿಕಾರವನ್ನೂ ಒಪ್ಪಿಸಿ ರುಜು ಹಾಕುವ ಪದ್ಧತಿ ನೆಲೆಗೊಂಡರೆ, ದಾನಿಗಳಿತ್ತ ಯಂತ್ರಗಳು ಮಕ್ಕಳಿಗೆ ಬಹುಕಾಲ ಉಪಯುಕ್ತವಾಗುವವು.