ಹೆಡ್‌ಫೋನ್ ಆಂಪ್ಲಿಫೈಯರ್: ಬೆಲೆಗಿಂತ ಮೊದಲು ಲೆಕ್ಕ

ಒಳ್ಳೆಯ ಹೆಡ್‌ಫೋನ್ ಕೊಂಡವರಿಗೆ ಸಿಗುವ ಮೊದಲ ಸಲಹೆ, ಅಷ್ಟೇ ದುಬಾರಿಯ ಆಂಪ್ಲಿಫೈಯರ್ ಬೇಕು ಎನ್ನುವುದು. ಆಂಪ್ಲಿಫೈಯರ್ ಕೆಲವೊಮ್ಮೆ ಬೇಕೇ ಬೇಕು. ಅದು ದುಬಾರಿಯದ್ದೇ ಆಗಬೇಕೆಂಬ ಮಾತಿಗೆ ಮಾತ್ರ ಆಧಾರವಿಲ್ಲ. ಬೆಲೆ ವಿಚಾರಿಸುವ ಮೊದಲು ಹೆಡ್‌ಫೋನಿನ ವಿವರ ಪತ್ರದಲ್ಲಿ ಎರಡು ಅಂಕಿ ನೋಡಬೇಕು. ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ ಇಂಪೀಡೆನ್ಸ್. ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎನ್ನುವುದು ಸೆನ್ಸಿಟಿವಿಟಿ. ಸೆನ್‌ಹೈಸರ್ ಎಚ್‌ಡಿ 650ರ ಇಂಪೀಡೆನ್ಸ್ 300 ಓಮ್, 1 ವೋಲ್ಟಿಗೆ 103 ಡೆಸಿಬೆಲ್. ಸಂಗೀತದ ಅತಿ ಜೋರಿನ ಕ್ಷಣಗಳಿಗೆಂದು 110 ಡೆಸಿಬೆಲ್ ಇಟ್ಟುಕೊಂಡರೂ ಸುಮಾರು ಎರಡೂಕಾಲು ವೋಲ್ಟ್, 17 ಮಿಲಿವ್ಯಾಟ್ ಸಾಕು. ಹೈಫೈಮನ್ ಎಚ್ಇ-6ರದ್ದು ಬರೀ 50 ಓಮ್. ಆದರೆ 1 ಮಿಲಿವ್ಯಾಟಿಗೆ ಅದು ಕೊಡುವುದು 83.5 ಡೆಸಿಬೆಲ್ ಮಾತ್ರವಾದ್ದರಿಂದ ಅದೇ 110ಕ್ಕೆ ಏರಲು 450 ಮಿಲಿವ್ಯಾಟ್ ಹತ್ತಿರ ಬೇಕು, ಅಂದರೆ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಓಮ್ ಜಾಸ್ತಿ ಇದ್ದದ್ದೇ ನುಡಿಸಲು ಕಷ್ಟ ಎಂಬ ನಂಬಿಕೆ ಇಲ್ಲಿಗೆ ಬಿತ್ತು. ಆಂಪ್ಲಿಫೈಯರಿನ ಪೆಟ್ಟಿಗೆಯ ಮೇಲಿನ ವ್ಯಾಟ್ ಅಂಕಿಯನ್ನೂ ಹಾಗೆಯೇ ನಂಬುವಂತಿಲ್ಲ. 32 ಓಮಿಗೆ 2 ವ್ಯಾಟ್ ಕೊಡುವ 8 ವೋಲ್ಟ್ 300 ಓಮಿಗೆ ಕೊಡುವುದು ಸುಮಾರು 0.2 ವ್ಯಾಟ್.

ಇದಕ್ಕಿಂತ ಮುಖ್ಯವಾದರೂ ಯಾರೂ ವಿಚಾರಿಸದ ಅಂಕಿಯೊಂದಿದೆ: ಆಂಪ್ಲಿಫೈಯರಿನ ಸ್ವಂತ ತಡೆಯಾದ ಔಟ್‌ಪುಟ್ ಇಂಪೀಡೆನ್ಸ್. ಹಲವು ಹೆಡ್‌ಫೋನ್‌ಗಳ ತಡೆ ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಎಚ್‌ಡಿ 650ರಲ್ಲಿ ಅದು ಮಂದ್ರದಲ್ಲಿ 500 ಓಮ್ ಆಸುಪಾಸಿಗೆ ಏರುತ್ತದೆ. ಆಂಪ್ಲಿಫೈಯರಿನದು 120 ಓಮ್ ಇದ್ದರೆ ಆ ಭಾಗ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. 1 ಓಮ್ ಇದ್ದರೆ ವ್ಯತ್ಯಾಸ ಕೇಳಿಸುವಷ್ಟಿಲ್ಲ. ಕಿವಿಯೊಳಗೆ ಇಡುವ ಇಯರ್‌ಫೋನ್‌ಗಳಲ್ಲಿ ಪಾಡು ಇನ್ನೂ ಕಷ್ಟ. 8 ಓಮಿನಿಂದ 40ರವರೆಗೆ ಏರಿಳಿಯುವ ಒಂದನ್ನು 10 ಓಮಿನ ಆಂಪ್ಲಿಫೈಯರಿಗೆ ಹಾಕಿದರೆ ಸ್ವರಗಳ ತೂಕ 5 ಡೆಸಿಬೆಲ್‌ನಷ್ಟು ಕೆಡುತ್ತದೆ. ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬ ರೂಢಿಯ ಲೆಕ್ಕ ಬಂದದ್ದು ಇದಕ್ಕೇ.

ಅಂಕಿಗಳು ಎಲ್ಲವನ್ನೂ ಹೇಳುವುದಿಲ್ಲ, ಕಿವಿಗೆ ಕೇಳುವ ವ್ಯತ್ಯಾಸ ನಿಜವಲ್ಲವೇ ಎಂದು ಅನುಭವಸ್ಥರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅರ್ಧ ಡೆಸಿಬೆಲ್ ಜೋರಾಗಿರುವುದು ನಮಗೆ ಜೋರಾಗಿ ಕೇಳಿಸುವುದಿಲ್ಲ, ಚೆನ್ನಾಗಿ ಕೇಳಿಸುತ್ತದೆ. ಆ ಏರುಪೇರನ್ನು ಸರಿಗಟ್ಟಿ, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸಿದಾಗಲೇ ನಿಜ ಗೊತ್ತಾಗುವುದು. ಅಮೆರಿಕದ ಸ್ಟೀರಿಯೊ ರಿವ್ಯೂ ಪತ್ರಿಕೆ 1987ರಲ್ಲಿ ಸ್ಪೀಕರ್ ಆಂಪ್ಲಿಫೈಯರ್‌ಗಳನ್ನು ಹೀಗೆ ಪರೀಕ್ಷಿಸಿದಾಗ, ಕೇಳುಗರಿಗೆ ಅಗ್ಗದ್ದನ್ನೂ ಅತಿ ದುಬಾರಿಯದನ್ನೂ ಬೇರೆ ಮಾಡಿ ಹೇಳಲಾಗಲಿಲ್ಲ. ಹೆಡ್‌ಫೋನ್ ಲೋಕದಲ್ಲಿ ಇದನ್ನೇ ವಾದಿಸಿದವನು ನ್ವಾವ್‌ಗೈ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಜ್ಞಾತ ಎಂಜಿನಿಯರ್. 2011ರಲ್ಲಿ ಅವನು ಓ2 ಎಂಬ ಆಂಪ್ಲಿಫೈಯರಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ. ಸಾಮಾನ್ಯ ಚಿಪ್‌ಗಳು, ಎರಡು 9 ವೋಲ್ಟ್ ಬ್ಯಾಟರಿ, 1 ಓಮಿಗಿಂತ ಕಡಿಮೆ ಔಟ್‌ಪುಟ್ ಇಂಪೀಡೆನ್ಸ್. ಮಾಪನದಲ್ಲಿ ಅದು ಹಲವು ಪಟ್ಟು ಬೆಲೆಯ ಪೆಟ್ಟಿಗೆಗಳ ಸರಿಸಮ ನಿಂತಿತು.

ಹಾಗೆಂದು ವಾಲ್ವ್ ಆಂಪ್ಲಿಫೈಯರ್ ಇಷ್ಟಪಡುವವರದು ಭ್ರಮೆಯಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದ ಹಲವು ವಾಲ್ವ್ ವಿನ್ಯಾಸಗಳ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚು. ಅದರಿಂದ ಬರುವ ಮಂದ್ರದ ಉಬ್ಬು, ಜೊತೆಗೆ ಒಂದಿಷ್ಟು ವಿರೂಪ ಕೆಲವರಿಗೆ ಹಿತ. ಅದು ರುಚಿಯ ಮಾತು, 300 ಓಮಿನ ಹೆಡ್‌ಫೋನಿಗೆ ಹೊಂದಲೂಬಹುದು. 580 ವೋಲ್ಟ್ ಬಯಾಸ್ ಬೇಡುವ ಸ್ಟ್ಯಾಕ್ಸ್‌ನಂಥ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ಗಳ ದಾರಿಯೇ ಬೇರೆ, ಅವಕ್ಕೆ ಅವುಗಳದೇ ಯಂತ್ರ ಬೇಕು. ಹೆಚ್ಚು ಶಕ್ತಿ ಕೈಯಲ್ಲಿದ್ದರೆ ಒಳ್ಳೆಯದೇ ಅಲ್ಲವೇ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ವಿಪರೀತವಾದರೆ ಸೂಕ್ಷ್ಮ ಇಯರ್‌ಫೋನಿನಲ್ಲಿ, ತಂಬೂರಿ ಮಾತ್ರ ಮಿಡಿಯುವ ಹೊತ್ತಿನಲ್ಲಿ, ಹಿನ್ನೆಲೆಯ ಹಿಸ್ ಕೇಳುತ್ತದೆ. ವಾಲ್ಯೂಮ್ ಗುಬುಟನ್ನು ತಳದಲ್ಲೇ ತಿರುಗಿಸಬೇಕಾಗುತ್ತದೆ. ಅಲ್ಲಿ ಎಡ-ಬಲ ಸಮ ಇರದೆ ಗಾಯಕರ ದನಿ ಒಂದು ಪಕ್ಕಕ್ಕೆ ಜರುಗುತ್ತದೆ. ಗೇನ್ ತಗ್ಗಿಸುವ ಸ್ವಿಚ್ ಚಿನ್ನದ ಲೇಪದ ಸಾಕೆಟ್‌ಗಿಂತ ಉಪಯುಕ್ತ.

ಕೊಳ್ಳುವ ಮೊದಲು ಅಂಗಡಿಯವರಲ್ಲಿ ಒಂದು ವಿನಂತಿ ಮಾಡಿ. ಹೆಡ್‌ಫೋನ್ ಹಾಕಿದ ಸ್ಥಿತಿಯಲ್ಲಿಯೇ ಒಂದೇ ಟೋನ್ ನುಡಿಸಿ, ಮಲ್ಟಿಮೀಟರ್ ಹಿಡಿದು ಎರಡೂ ಆಂಪ್ಲಿಫೈಯರ್‌ಗಳಲ್ಲಿ ಒಂದೇ ವೋಲ್ಟೇಜ್ ಬರುವಂತೆ ಹೊಂದಿಸಿ, ಯಾವುದೆಂದು ಹೇಳದೆ ಕೇಳಿಸಲಿ. ವ್ಯತ್ಯಾಸ ತಿಳಿಯದಿದ್ದರೆ ಅಗ್ಗದ್ದನ್ನೇ ತನ್ನಿ, ಉಳಿದ ಹಣವನ್ನು ಇನ್ನೂ ಒಳ್ಳೆಯ ಹೆಡ್‌ಫೋನಿಗೆ ಹಾಕಿ.