ಮಿಟ್ಲಾ ಕೆಫೆ: ಒಂದು ಊಟದ ಮನೆಯ ಹಿರಿಮೆ

ಪರದೇಶಕ್ಕೆ ಬಂದು ನೆಲೆಸಿದ ಜನರು ತಮ್ಮ ನುಡಿಯನ್ನು ಮರೆತರೂ ನಾಲಗೆಯ ರುಚಿಯನ್ನು ಅಷ್ಟು ಬೇಗ ಮರೆಯಲಾರರು. ಈ ಮಾತಿಗೆ ಸೊಗಸಾದ ನಿದರ್ಶನವೊಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ನಗರದಲ್ಲಿದೆ. ಅಲ್ಲಿನ ಮೌಂಟ್ ವರ್ನನ್ ಅವೆನ್ಯೂದಲ್ಲಿ, ಹಳೆಯ ರೂಟ್ 66ರ ಬದಿಯಲ್ಲಿ, ‘ಮಿಟ್ಲಾ ಕೆಫೆ’ ಎಂಬ ಆಡಂಬರವಿಲ್ಲದ ಮೆಕ್ಸಿಕನ್ ಉಪಾಹಾರ ಗೃಹವನ್ನು ಲೂಸಿಯಾ ರೊಡ್ರಿಗೆಸ್ ಎಂಬ ಮಹಿಳೆ 1937ರಲ್ಲಿ ಆರಂಭಿಸಿದರು. ಅವರ ಕುಟುಂಬದವರೇ ತಲೆಮಾರುಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಈ ಮನೆಯ ಹಿರಿಮೆ ಊಟವೊಂದರಿಂದಲೇ ಬಂದುದಲ್ಲ. ಆ ಕಾಲದಲ್ಲಿ ನಗರದ ಈಜುಕೊಳಕ್ಕೆ ಮೆಕ್ಸಿಕನ್ ಮೂಲದವರಿಗೆ ಮುಕ್ತ ಪ್ರವೇಶವಿರಲಿಲ್ಲ. ಈ ಅನ್ಯಾಯವನ್ನು ಎದುರಿಸಲು ಸಮುದಾಯದ ಮುಖಂಡರು ಸಭೆ ಸೇರುತ್ತಿದ್ದುದು ಮಿಟ್ಲಾದ ಮೇಜುಗಳ ಸುತ್ತ. ಪತ್ರಿಕಾ ಸಂಪಾದಕ ಇಗ್ನೇಷಿಯೋ ಲೋಪೆಸ್ ಮತ್ತು ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯವು 1944ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದ 1954ರ ಬ್ರೌನ್ ತೀರ್ಪಿಗಿಂತ ಇದು ಹತ್ತು ವರ್ಷ ಹಿಂದಿನದೆಂಬುದು ಗಮನಾರ್ಹ.

ಇದೇ ರಸ್ತೆಯ ಆಚೆ ಬದಿಯಲ್ಲಿ ಹ್ಯಾಂಬರ್ಗರ್ ಅಂಗಡಿ ಇಟ್ಟಿದ್ದ ಗ್ಲೆನ್ ಬೆಲ್, ಮಿಟ್ಲಾದ ಗರಿಗರಿಯಾದ ಟಾಕೋಗಳ ರುಚಿಗೆ ಮನಸೋತು, ಅವುಗಳನ್ನು ಮಾಡುವ ಬಗೆಯನ್ನು ಅಲ್ಲಿಯೇ ಅರಿತರು. ಮುಂದೆ 1962ರಲ್ಲಿ ಅವರು ಡೌನಿಯಲ್ಲಿ ತೆರೆದ ‘ಟಾಕೋ ಬೆಲ್’ ಜಗತ್ತಿನಾದ್ಯಂತ ಹರಡಿತು. ಮಿಟ್ಲಾ ಮಾತ್ರ ತನ್ನ ಬೀದಿಯಲ್ಲೇ ಉಳಿಯಿತು.

ಹಾಗಾದರೆ ‘ಅಪ್ಪಟ’ ಎಂಬುದೇನು? ಮಿಟ್ಲಾದ ಟಾಕೋದಲ್ಲಿ ಚೆಡ್ಡಾರ್ ಚೀಸ್ ಇದೆ, ಲೆಟ್ಯೂಸ್ ಇದೆ. ಇವು ಮೆಕ್ಸಿಕೋದ ಹಳ್ಳಿಗಳಿಂದ ಬಂದವಲ್ಲ. ಕ್ಯಾಲಿಫೋರ್ನಿಯಾದ ಅಂಗಡಿಗಳಲ್ಲಿ ಸಿಕ್ಕಿದವು. ಆದರೆ ಟೋರ್ಟಿಯಾದ ಹಿಂದಿರುವ ವಿದ್ಯೆ ಸಹಸ್ರಾರು ವರ್ಷಗಳಷ್ಟು ಹಳೆಯದು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ತೊಳೆದು ಅರೆದರೆ ಹಿಟ್ಟಿಗೆ ಜಿಗುಟು ಬರುತ್ತದೆ. ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ಈ ವಿದ್ಯೆಯನ್ನು ಬಿಟ್ಟು ಮೆಕ್ಕೆಜೋಳವನ್ನಷ್ಟೇ ಕೊಂಡೊಯ್ದ ನಾಡುಗಳ ಬಡವರು ಪೆಲಾಗ್ರಾ ರೋಗಕ್ಕೆ ತುತ್ತಾದರು. ತಿನಿಸಿನ ಜೊತೆಗೆ ಅದರ ತಿಳಿವೂ ಸಾಗಿಬರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮಗೂ ಆ ನಾಡಿನ ಋಣವುಂಟು. ಪೋರ್ಚುಗೀಸರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಆ ಖಾರದ ಕಾಯಿಗೆ, ಮೊದಲೇ ಪರಿಚಿತವಾಗಿದ್ದ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದೆವು. ಇಂದು ಬ್ಯಾಡಗಿಯ ಮೆಣಸಿನಕಾಯಿ ಇಲ್ಲದ ಸಾರನ್ನು ಊಹಿಸಬಲ್ಲ ಕನ್ನಡಿಗರೆಷ್ಟು ಮಂದಿ? ಹೊರಗಿನಿಂದ ಬಂದದ್ದು ನಮ್ಮ ಕೈಗಳಲ್ಲಿ ಪಳಗಿ ನಮ್ಮದಾಯಿತು.

ಸಸ್ಯಾಹಾರಿ ಮಿತ್ರರಿಗೆ ಒಂದು ಕಿವಿಮಾತು: ಮೆಕ್ಸಿಕನ್ ಊಟದ ಮನೆಗಳಲ್ಲಿ ಬೇಯಿಸಿದ ಕಾಳುಗಳಿಗೂ ಹಂದಿಯ ಕೊಬ್ಬನ್ನು ಹಾಕುವುದುಂಟು. ‘ಸಿನ್ ಮಾಂತೇಕಾ?’ ಎಂದು ವಿಚಾರಿಸಿದರೆ, ಕೊಬ್ಬು ಇಲ್ಲವೇ ಎಂದು ಕೇಳಿದಂತಾಗುತ್ತದೆ.

ಎರಡು ವರ್ಷಗಳಿಗೊಮ್ಮೆ ನಾವು ಒಂದೆಡೆ ಕಲೆತು ಭಾಷೆ, ಸಂಸ್ಕೃತಿಗಳ ಉಳಿವನ್ನು ಕುರಿತು ಚಿಂತಿಸುತ್ತೇವೆ. ಉಳಿದ ದಿನಗಳಲ್ಲಿ ಆ ಕಾರ್ಯ ಸಾಗುವುದು ಇಂತಹ ಅಡಿಗೆಮನೆಗಳಲ್ಲಿ, ಅಲ್ಲಿನ ಮೇಜುಗಳ ಸುತ್ತಲಿನ ಮಾತುಕತೆಯಲ್ಲಿ. ನಮ್ಮ ಮಕ್ಕಳಿಗೆ ರೊಟ್ಟಿಯನ್ನು ಬಡಿಸುವಾಗ ಅದನ್ನು ತಟ್ಟುವ ಬಗೆಯನ್ನೂ ಕಲಿಸೋಣ.