ಯಕೃತ್ತಿನ ಗಾಯವೂ ಉರಿಯೂತದ ಅಂಕೆಯೂ

ಅತಿಯಾದರೆ ಅಮೃತವೂ ವಿಷವೆಂಬ ಮಾತಿಗೆ ಪ್ಯಾರಸಿಟಮಾಲಿಗಿಂತ ಸಮೀಪದ ನಿದರ್ಶನ ದೊರೆಯಲಾರದು. ಜ್ವರಕ್ಕೂ ತಲೆನೋವಿಗೂ ಮನೆಮನೆಯಲ್ಲಿ ಬಳಕೆಯಾಗುವ ಈ ಮದ್ದಿನ ಅಲ್ಪಾಂಶವನ್ನು ಯಕೃತ್ತಿನ ಕಿಣ್ವಗಳು ಅತಿ ಚುರುಕಾದ ಒಂದು ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಕೋಶದಲ್ಲಿ ಗ್ಲೂಟಾಥಯೋನಿನ ದಾಸ್ತಾನು ಇರುವವರೆಗೆ ಅದು ಈ ವಸ್ತುವನ್ನು ಹಿಡಿದು ನಿರ್ವಿಷಗೊಳಿಸುತ್ತದೆ. ದಾಸ್ತಾನು ಬರಿದಾದೊಡನೆ ಆ ವಸ್ತು ಕೋಶದ ಪ್ರೋಟೀನುಗಳಿಗೆ, ವಿಶೇಷವಾಗಿ ಮೈಟೊಕಾಂಡ್ರಿಯಗಳ ಪ್ರೋಟೀನುಗಳಿಗೆ, ಅಂಟಿಕೊಂಡು ಕೋಶವನ್ನು ಕೊಲ್ಲುತ್ತದೆ. ಗ್ಲೂಟಾಥಯೋನನ್ನು ಮತ್ತೆ ತುಂಬಿಕೊಡುವ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವನ್ನು ಮೊದಲ ಎಂಟು ಗಂಟೆಗಳೊಳಗೆ ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಅದರ ಫಲ ಕುಗ್ಗುತ್ತದೆ. ಆಗ ವಿಷವೊಂದರ ಪ್ರಶ್ನೆಯಷ್ಟೇ ಉಳಿಯುವುದಿಲ್ಲ. ಸತ್ತ ಕೋಶಗಳನ್ನು ಕಂಡು ದೇಹವು ಹೂಡುವ ಉರಿಯೂತವು ರೋಗಿಯನ್ನು ಕಾಯುವುದೋ ಕೊಲ್ಲುವುದೋ ಎಂಬ ಎರಡನೆಯ ಪ್ರಶ್ನೆ ಏಳುತ್ತದೆ.

ಯಕೃತ್ತಿಗೆ ಹರಿದುಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುತ್ತದೆ. ಅದರೊಡನೆ ಆಹಾರಸಾರವೂ ಬ್ಯಾಕ್ಟೀರಿಯಗಳ ಚೂರುಪಾರುಗಳೂ ಬರುತ್ತವೆ. ಈ ಹೆದ್ದಾರಿಯ ಕಾವಲಿಗೆ ನಿಂತಿರುವ ನಕ್ಷತ್ರಾಕಾರದ ಕೋಶಗಳನ್ನು ಕಾರ್ಲ್ ಕುಪ್ಫರ್ ಎಂಬಾತನು ೧೮೭೬ರಲ್ಲಿ ವರ್ಣಿಸಿದನೆಂಬುದು ವಾಡಿಕೆಯ ಮಾತು. ಆದರೆ ಅವು ಭಕ್ಷಕಕೋಶಗಳೆಂದು ೧೮೯೮ರಲ್ಲಿ ಸರಿಯಾಗಿ ಗುರುತಿಸಿದವನು ಕ್ರಾಕೋವ್ ನಗರದ ಬ್ರೊವಿಚ್. ಹೆಸರು ಮಾತ್ರ ಕುಪ್ಫರನಿಗೇ ಸಂದಿತು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಅನ್ಯಾಯಗಳು ಅಪೂರ್ವವೇನಲ್ಲ.

ಈ ಕಾವಲುಗಾರರಿಗೆ ಕಣ್ಣುಗಳಿಲ್ಲ, ಗ್ರಾಹಕಗಳಿವೆ. ಗ್ರಾಹಕವೆಂದರೆ ನಿರ್ದಿಷ್ಟ ರೂಪದ ಅಣುವೊಂದು ಬಂದು ಕೂಡಿದಾಗ ಕೋಶದೊಳಕ್ಕೆ ಸಂಜ್ಞೆ ಕಳುಹಿಸುವ ಪ್ರೋಟೀನು. ಸೂಕ್ಷ್ಮಜೀವಿಗಳಿಗೆಲ್ಲ ಸಾಮಾನ್ಯವಾದ ಕೆಲವು ರಚನೆಗಳನ್ನು ಗುರುತಿಸುವ ಹುಟ್ಟುಗ್ರಾಹಕಗಳು ಇರಲೇಬೇಕೆಂದು ಚಾರ್ಲ್ಸ್ ಜೇನ್‌ವೇ ಅವರು ೧೯೮೯ರಲ್ಲಿ ತರ್ಕಿಸಿದರು. ೧೯೯೬ರಲ್ಲಿ ಹಾಫ್‌ಮನ್ ಅವರ ತಂಡ ಹಣ್ಣುನೊಣದ ಟೋಲ್ ಎಂಬ ಗ್ರಾಹಕದಲ್ಲಿಯೂ, ೧೯೯೮ರಲ್ಲಿ ಬ್ಯೂಟ್ಲರ್ ಅವರ ತಂಡ ಇಲಿಯ ನಾಲ್ಕನೆಯ ಟೋಲ್‌ಸದೃಶ ಗ್ರಾಹಕದಲ್ಲಿಯೂ ಈ ತರ್ಕಕ್ಕೆ ಆಧಾರ ಕಂಡರು. ೨೦೧೧ರ ನೊಬೆಲ್ ಬಹುಮಾನದಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು. ಮಾನವನಲ್ಲಿ ಇಂಥ ಗ್ರಾಹಕಗಳು ಹತ್ತು.

ಆದರೆ ಪ್ಯಾರಸಿಟಮಾಲಿನಿಂದ ಸತ್ತ ಯಕೃತ್ತಿನಲ್ಲಿ ಸೂಕ್ಷ್ಮಜೀವಿಯ ಸುಳಿವೇ ಇಲ್ಲವಲ್ಲ! ಅಲ್ಲಿ ಉರಿಯೂತವೇಕೆ? ದೇಹವು ಪರಕೀಯತೆಗಿಂತ ಅಪಾಯಕ್ಕೆ ಎಚ್ಚರಗೊಳ್ಳುತ್ತದೆಂದು ಪಾಲಿ ಮ್ಯಾಟ್‌ಜಿಂಗರ್ ಅವರು ೧೯೯೪ರಲ್ಲಿ ವಾದಿಸಿದ್ದರು. ಒಡೆದ ಕೋಶದಿಂದ ಹೊರಬೀಳುವ ಡಿ.ಎನ್.ಎ. ಒಂಬತ್ತನೆಯ ಟೋಲ್‌ಸದೃಶ ಗ್ರಾಹಕವನ್ನು ಕೆರಳಿಸುತ್ತದೆಂದೂ, ಆ ಗ್ರಾಹಕವಿಲ್ಲದ ಇಲಿಗಳು ಈ ವಿಷದಿಂದ ಕಡಿಮೆ ಹಾನಿಗೊಳಗಾಗುತ್ತವೆಂದೂ ೨೦೦೯ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ವರದಿ ಬಂತು. ಮೈಟೊಕಾಂಡ್ರಿಯವು ಪುರಾತನ ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯದ ಸಂತತಿಯಾಗಿದ್ದುದರಿಂದ ಅದರ ಡಿ.ಎನ್.ಎ.ಯಲ್ಲಿ ಇಂದಿಗೂ ಬ್ಯಾಕ್ಟೀರಿಯದ ಚಹರೆ ಉಳಿದಿದೆ. ತನ್ನದೇ ಮನೆಯ ಹಳೆಯ ಅತಿಥಿಯನ್ನು ಕಾವಲುಗಾರ ಕಳ್ಳನೆಂದು ಬಗೆಯುವುದು ಇದರಿಂದಲೇ. ಹೀಗೆ ಹುಟ್ಟಿದ ಕರೆಗೆ ಓಗೊಟ್ಟು ಬಂದ ಶ್ವೇತಕಣಗಳು ಇನ್ನೂ ಜೀವಂತವಾಗಿರುವ ಕೋಶಗಳಿಗೂ ಹಾನಿಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಅವು ನಿಜಕ್ಕೂ ಹೀಗೆ ಮಾಡುತ್ತವೆಯೇ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಯೇಲ್ ವರದಿಯು ಮುಖ್ಯವೆಂದ ಕೆಲವು ಮಧ್ಯವರ್ತಿಗಳನ್ನು ಕಳೆದುಕೊಂಡ ಇಲಿಗಳಲ್ಲಿಯೂ ಗಾಯ ಅಷ್ಟೇ ಇತ್ತೆಂದು ಮುಂದಿನ ಎರಡು ವರ್ಷಗಳಲ್ಲಿ ಬೇರೆ ಪ್ರಯೋಗಶಾಲೆ ತಿಳಿಸಿತು.

ನನ್ನ ಎಣಿಕೆಯಲ್ಲಿ ಇದಕ್ಕಿಂತ ಮಹತ್ವದ ಶೋಧ ಅದೇ ೨೦೦೯ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಬಂದುದು. ಸತ್ತ ಕೋಶದ ಕೇಂದ್ರದಿಂದ ಸೋರುವ ಎಚ್‌ಎಂಜಿಬಿ–೧ ಎಂಬ ಪ್ರೋಟೀನು ಉರಿಯೂತವನ್ನು ಕೆರಳಿಸಬಲ್ಲುದು. ಆದರೆ ಅದೇ ಪ್ರೋಟೀನು ಸಿಡಿ–೨೪ ಎಂಬ ಅಣುವಿಗೂ ಅಂಟಿಕೊಳ್ಳುತ್ತದೆ. ಸಿಡಿ–೨೪ ತನ್ನ ಜೊತೆಗಾರನಾದ ಸಿಗ್ಲೆಕ್ ಎಂಬ ಗ್ರಾಹಕದ ಮೂಲಕ ಕೋಶದೊಳಗೆ ‘ಸಾಕು’ ಎಂಬ ಸಂಜ್ಞೆ ಕೊಡುತ್ತದೆ. ಸಾಮಾನ್ಯ ಇಲಿಗಳು ತಾಳಿಕೊಳ್ಳುವಷ್ಟು ಪ್ಯಾರಸಿಟಮಾಲನ್ನು ಸಿಡಿ–೨೪ ಇಲ್ಲದ ಇಲಿಗಳಿಗೆ ಕೊಟ್ಟಾಗ ಅವು ಸತ್ತವು. ಬ್ಯಾಕ್ಟೀರಿಯದ ಪೊರೆಯ ವಿಷವನ್ನು ಚುಚ್ಚಿದಾಗಲಾದರೋ ಎರಡು ಗುಂಪುಗಳ ಪ್ರತಿಕ್ರಿಯೆಯಲ್ಲಿ ಅಂಥ ವ್ಯತ್ಯಾಸ ತೋರಲಿಲ್ಲ. ಎಂದರೆ ಈ ಕಡಿವಾಣವು ಸ್ವಂತ ಅಂಗದ ಗಾಯಕ್ಕೆ ಹುಟ್ಟುವ ಉರಿಯೂತವನ್ನು ಮಾತ್ರ ಹಿಡಿಯುತ್ತದೆ. ಸೂಕ್ಷ್ಮಜೀವಿಗಳ ವಿರುದ್ಧದ ಕಾದಾಟಕ್ಕೆ ಅಡ್ಡಬರುವುದಿಲ್ಲ. ಒಂದೇ ಅಣು ಕೆರಳಿಸಲೂ ಬಲ್ಲುದು, ತಣಿಸಲೂ ಬಲ್ಲುದು. ಯಾವ ಗ್ರಾಹಕ ಅದನ್ನು ಹಿಡಿಯಿತೆಂಬುದರ ಮೇಲೆ ಫಲ ನಿಂತಿದೆ.

ಉರಿಯೂತ ತಾನಾಗಿ ಆರುವುದೂ ಇಲ್ಲ. ಮರ್‌ಟಿಕೆ ಎಂಬ ಗ್ರಾಹಕವುಳ್ಳ ಭಕ್ಷಕಕೋಶಗಳು ಸತ್ತ ಶ್ವೇತಕಣಗಳನ್ನು ನುಂಗಿ ಅದನ್ನು ಆರಿಸುತ್ತವೆಂದು ೨೦೧೮ರಲ್ಲಿ ಪ್ರಕಟವಾಯಿತು. ಕುಪ್ಫರ್ ಕೋಶಗಳನ್ನು ಮೊದಲೇ ಇಲ್ಲವಾಗಿಸಿದರೆ ಪ್ಯಾರಸಿಟಮಾಲಿನ ಗಾಯ ಉಲ್ಬಣಿಸುತ್ತದೆಂದು ೨೦೦೨ರಲ್ಲಿಯೇ ತೋರಿಬಂದಿತ್ತು. ಇನ್ನು ಉರಿಯೂತದ ಮುಖ್ಯ ದೂತವಾದ ಟಿ.ಎನ್.ಎಫ್. ಎಂಬ ಪ್ರೋಟೀನಿನ ಒಂದು ಗ್ರಾಹಕವಿಲ್ಲದ ಇಲಿಗಳಲ್ಲಿ, ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆದಾಗ ಅದು ಸರಿಯಾಗಿ ಮರುಬೆಳೆಯಲಿಲ್ಲವೆಂದು ೧೯೯೭ರಲ್ಲಿ ಕಂಡುಬಂದಿತ್ತು. ಸುಡುವ ದೂತನೇ ಕಟ್ಟಲೂ ಕರೆಯುತ್ತಾನೆ.

ಇದನ್ನು ಕಡೆಗಣಿಸಿದರೆ ಏನಾಗುವುದೆಂದು ಬೇರೊಂದು ಯಕೃತ್ ರೋಗದಲ್ಲಿ ಕಂಡಿದ್ದೇವೆ. ಮದ್ಯಪಾನದಿಂದುಂಟಾದ ತೀವ್ರ ಯಕೃತ್ ಉರಿಯೂತಕ್ಕೆ ಟಿ.ಎನ್.ಎಫ್.ಅನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಮದ್ದನ್ನು ಸ್ಟೀರಾಯ್ಡಿನೊಡನೆ ಫ್ರಾನ್ಸಿನ ವೈದ್ಯರು ಪರೀಕ್ಷಿಸಿದರು. ಮದ್ದು ಪಡೆದವರಲ್ಲಿಯೇ ಸೋಂಕುಗಳೂ ಸಾವುಗಳೂ ಹೆಚ್ಚಿದ್ದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ ೨೦೦೪ರಲ್ಲಿ ಹೊರಬಂತು.

ಆದಕಾರಣ ಸಂಶೋಧಕರಲ್ಲಿ ಅನೇಕರು ಉರಿಯೂತವನ್ನೇ ಹತ್ತಿಕ್ಕುವ ಹಂಬಲವನ್ನು ತೊರೆದು ಸಿಗ್ಲೆಕ್, ಮರ್‌ಟಿಕೆಯಂಥ ಗ್ರಾಹಕಗಳನ್ನು ಬಲಪಡಿಸುವತ್ತ ತಿರುಗಿದ್ದಾರೆ. ತೊಡಕು ಕಾಲದ್ದು. ಇಲಿಗೆ ವಿಷ ಕೊಟ್ಟ ಗಳಿಗೆ ಪ್ರಯೋಗಕಾರನಿಗೆ ಗೊತ್ತು. ಅದು ಕೆರಳುವ ಹೊತ್ತು ಯಾವುದು, ಆರುವ ಹೊತ್ತು ಯಾವುದು ಎಂದು ಅವನು ಎಣಿಸಬಲ್ಲ. ಅರೆಪ್ರಜ್ಞೆಯಲ್ಲಿ ಆಸ್ಪತ್ರೆಗೆ ಬಂದ ರೋಗಿ ಎಷ್ಟು ಮಾತ್ರೆಗಳನ್ನು ಯಾವಾಗ ನುಂಗಿದನೆಂಬುದು ಎಷ್ಟೋ ವೇಳೆ ಜೊತೆಗೆ ಬಂದವರಿಗೂ ತಿಳಿದಿರುವುದಿಲ್ಲ.